ಸಣ್ಣ ಎಲೆಯ ಎಡೆ

ಮಾಗಿಯ ಚಳಿ ಹಿಡಿದ ಮೇಲೆ ಮೀನಾಕ್ಷಮ್ಮನಿಗೆ ಬೆಂಕಿಯ ಮುಂದೆ ನೆಮ್ಮದಿಯಾಗಿ ಕೂರುವುದಕ್ಕೇ ಆಗುತ್ತಿರಲಿಲ್ಲ. ಬೆಳಿಗ್ಗೆ ಒಲೆಗೆ ಅಂಗೈ ಒಡ್ಡಿದವಳು ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆಯುವಳು.

“ನಾವಿಲ್ಲಿ ಮೈ ಕಾಯಿಸ್ಕೊಂಡು ಕೂತಿದ್ದೀವಿ. ಆ ಕೂಸುಗಳು ಅಲ್ಲಿ ಎಂಥಾ ಥಂಡೀಲವೋ.”

ಕಾಫಿ ಸೋಸುತ್ತಿದ್ದ ಗಂಗಾಮಣಿ ತಲೆ ಎತ್ತುತ್ತಿರಲಿಲ್ಲ. ಸೋಸುವ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಂಡುವಳು.

ಆ ಕೂಸುಗಳು ಇನ್ನೂ ಹುಟ್ಟಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ಒಳಗೆ, ಮುಚ್ಚಳ ತೆಗೆದರೆ ಬಿಳಿ ಹೊಗೆಯಾಡುವ ಒಂದು ಕ್ಯಾನಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ಮೂರು ಇದ್ದವು. ಮೀನಾಕ್ಷಮ್ಮನ ಮಗ ರವಿಚಂದ್ರ ಮತ್ತು ಅವನ ಮೊದಲ ಹೆಂಡತಿ ಬಿಂದುಶ್ರೀ ಮಾಡಿಸಿ ಇಟ್ಟು ಬಂದಿದ್ದವು. ಡಾಕ್ಟರು ಮೊದಲ ಸಲ ಎರಡನ್ನು ಬಿಂದುವಿನ ಹೊಟ್ಟೆಗೆ ಬಿಟ್ಟಿದ್ದರು, ನಿಲ್ಲಲಿಲ್ಲ. ಉಳಿದವನ್ನು ಮುಂದಿನ ಸಲಕ್ಕೆ ಅಂತ ಹೆಪ್ಪುಗಟ್ಟಿಸಿ ಇಟ್ಟರು. ಮುಂದಿನ ಸಲ ಬರುವುದರೊಳಗೆ ಬಿಂದುವಿಗೆ ನಾಟಿ ಗದ್ದೆಯಲ್ಲಿ ಇಲಿಜ್ವರ ಹತ್ತಿತು. ಹಾಸನಕ್ಕೆ ಕರೆದುಕೊಂಡು ಹೋದವಳನ್ನು ಬಟ್ಟೆ ಸುತ್ತಿ ವಾಪಸು ತಂದರು. ವರ್ಷ ತುಂಬುವ ಮುಂಚೆ ಅವಳ ತಂಗಿ ಗಂಗಾಮಣಿಯನ್ನು ತವರೂರು ಮಗ್ಗೆಯಿಂದ ಪಾಳ್ಯದ ಈ ಮನೆಗೆ ಸೊಸೆ ಮಾಡಿಕೊಂಡರು. ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ಆ ಕಡೆ ಹೊಸದೇನಲ್ಲ. ಅಕ್ಕನ ಮಕ್ಕಳನ್ನು ತಂಗಿಯ ಹೊಟ್ಟೆಯಲ್ಲಿ ಬೆಳೆಸಲಿಕ್ಕೆ ಅಂತ ತಂದುಕೊಂಡದ್ದು ಮಾತ್ರ ಅದೇ ಮೊದಲು.

ಪಕ್ಕದ ಮನೆಯ ಭೂತಮ್ಮನಿಗೆ ಇದು ಬಾಯಿಗೆ ಸಿಕ್ಕಿದ ಅವಲಕ್ಕಿ. ಬೆಂಕಿ ಕೇಳುವ ನೆಪದಲ್ಲಿ ಬಂದು ಬಾಗಿಲಿಗೆ ಒರಗಿ ನಿಲ್ಲುವಳು.

“ಏನ್ ಮೀನಾಕ್ಷಕ್ಕ, ಮೊಮ್ಮಕ್ಕಳಿಗೆ ನೆಗಡಿ ಗಿಗಡಿ ಆಗೈತಾ ಹೆಂಗೆ? ಬಸ್ಸಲ್ಲಿ ಒಂದ್ ಕಂಬಳಿನಾದ್ರೂ ಕಳಿಸಬಾರ್ದಾ?”

“ನಗು ನಗು. ದನದ ಡಾಕ್ಟ್ರು ನಿಮ್ಮ ಹಸೀಗೆ ಕ್ಯಾನಿಂದ ಕಡ್ಡಿ ತೆಗೆದು ಹಾಕುದ್ರಲ್ಲ, ಕರ ಹುಟ್ಲಿಲ್ವಾ? ಅದೂ ಐಸಲ್ಲಿದ್ದಿದ್ದೇ. ನಮ್ ಪಿಂಡಗಳೂ ಹಂಗೇ ಬತ್ತವೆ.”

“ಥೂ, ಬೆಳಿಗ್ಗೆ ಬೆಳಿಗ್ಗೆ ಪಿಂಡ ಗಿಂಡ ಅನ್ಬ್ಯಾಡಿ ಅಕ್ಕ. ಪಿಂಡ ಅಂದ್ರೆ ಸತ್ತೋರಿಗಿಡೋದು.”

“ಹುಟ್ಟೋದಕ್ಕೂ ಅದೇ ಮಾತು ಕಣೇ. ನಾನೇನ್ ಮಾಡ್ಲಿ?”

ಭೂತಮ್ಮ ಕೆಂಡ ಕರಟಕ್ಕೆ ಹಾಕಿಕೊಂಡು ಹೋದ ಮೇಲೆ ಮೀನಾಕ್ಷಮ್ಮ ಸೊಸೆಯ ಕಡೆ ತಿರುಗಿ ದನಿ ಇಳಿಸಿದಳು. “ನೋಡು ಮಗ, ಹುಟ್ಟಿದ್ಮೇಲೆ ಅವು ನಿನ್ನ ಚಿಕ್ಕವ್ವ ಅಂತ್ಲೇ ಕರೀಲಿ. ಅವ್ವ ಅಂದ್ರೆ ಫೋಟೋದಲ್ಲಿರೋಳು. ನೀನ್ ಬೇಜಾರ್ ಮಾಡ್ಕಬ್ಯಾಡ. ಅವಳ ಋಣ ನಾವು ತಿನ್ನಬಾರ್ದು.”

“ಹೂಂ ಅತ್ತೆ,” ಅಂದಳು ಗಂಗಾಮಣಿ.

ಅವಳಿಗೆ ಗೊತ್ತಿದ್ದದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮೂರೂ ಬಿಂದುವಿನವಲ್ಲ. ಅವಳವು.

*

ಗಂಗಾಮಣಿ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅವಳ ಅವ್ವ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಬ್ಬರು ಇರಬೇಕಿತ್ತು, ಮಾತು ಕಡಿಮೆ ಇದ್ದವಳನ್ನು ಉಳಿಸಿಕೊಂಡರು. ಅವಳು ಮಾತಾಡುವುದಕ್ಕಿಂತ ನೋಡುವುದೇ ಹೆಚ್ಚು. ಯಾರ ಕಾಲು ಕುಂಟುತ್ತಿದೆ, ಯಾರು ಹಸಿದಿದ್ದಾರೆ, ಯಾರು ಅತ್ತು ಮುಖ ತೊಳೆದು ಬಂದಿದ್ದಾರೆ ಅನ್ನುವುದು ಅವಳಿಗೆ ಮೊದಲು ತಿಳಿಯುತ್ತಿತ್ತು. “ಇವಳು ಮನೇಲಿದ್ರೆ ಕಂಬ ಇದ್ದಂಗೆ. ಆದ್ರೆ ಕಂಬಕ್ಕೆ ಕಣ್ಣವೆ,” ಅನ್ನುತ್ತಿದ್ದ ಅವಳ ಅಪ್ಪ ನಂಜುಂಡ.

ಮದುವೆಯಾಗಿ ಎಂಟು ವರ್ಷವಾದರೂ ಬಿಂದುವಿಗೆ ಮಕ್ಕಳಾಗಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗುವಾಗ ಜೊತೆಗಿರಲಿ ಅಂತ ಅವಳು ತಂಗಿಯನ್ನು ಕರೆದುಕೊಂಡು ಹೋಗಿದ್ದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ರೂಮು. ರವಿಚಂದ್ರ ಅವರನ್ನು ಅಲ್ಲಿ ಬಿಟ್ಟು ಊರಿಗೆ ಹೋಗಿದ್ದ. ಅವನದು ಪಿಕಪ್ ಗಾಡಿ. ದೋಣಿಗಲ್ ಕಡೆಯ ಎಸ್ಟೇಟುಗಳಿಂದ ಹಾಸನಕ್ಕೆ ಕಾಫಿ ಮೂಟೆ ಹೊಡೆಯುವ ಕಾಲ ಅದು, ಗಾಡಿ ನಿಲ್ಲಿಸುವಂತಿರಲಿಲ್ಲ.

ಒಂದು ದಿನ ಬಿಂದು ಡಾಕ್ಟರ ಕೋಣೆಯಿಂದ ಬಂದು ರೂಮಿನ ಬಾಗಿಲು ಹಾಕಿ ಕೂತಳು.

“ನನ್ನ ಅಂಡ ಬೆಳೀತಾನೇ ಇಲ್ಲವಂತೆ ಮಣಿ. ಎಷ್ಟ್ ಸೂಜಿ ಚುಚ್ಚುದ್ರೂ ಅಷ್ಟೇ ಅಂತೆ. ಬೇರೆ ಹೆಂಗಸಿನದು ತಗೊಂಡು ಮಾಡ್ಬೋದಂತೆ.”

ಗಂಗಾಮಣಿ ಅಕ್ಕನ ಕಾಲ ಬಳಿ ಕೂತಳು.

“ಯಾವಳದೋ ಯಾಕೆ? ನಿನ್ನದು ಕೊಡೆ,” ಅಂದಳು ಬಿಂದು. “ನೀನೂ ನಾನೂ ಒಂದೇ ಹೊಟ್ಟೇಲಿ ಬಂದೋರು. ನಿನ್ನದಾದ್ರೆ ನನ್ನದೇ ಅಲ್ವಾ?”

ಮದುವೆಯಾಗದ ಹುಡುಗಿಯಿಂದ ತೆಗೆಯುವುದಿಲ್ಲ ಅಂದಿದ್ದರಂತೆ ಡಾಕ್ಟರು. ಬಿಂದು ಅದಕ್ಕೂ ದಾರಿ ಹುಡುಕಿಕೊಂಡಿದ್ದಳು. ತನ್ನ ಹಳೇ ಕರಿಮಣಿ ಸರವನ್ನು ತಂಗಿಯ ಕೊರಳಿಗೆ ಹಾಕಿದಳು. ಕಾಲುಂಗುರ ಬಿಚ್ಚಿ ಅವಳ ಬೆರಳಿಗೆ ತೊಡಿಸಿದಳು. ಬಿಗಿಯಾಗಿದ್ದವು, ಸೋಪು ಹಚ್ಚಿ ತಿರುಗಿಸಬೇಕಾಯಿತು. ಇಬ್ಬರಿಗೂ ನಗು ಬಂದಿತು. ನಗುತ್ತಿದ್ದ ಬಿಂದು ಹಾಗೇ ಅತ್ತುಬಿಟ್ಟಳು.

“ನಿಮ್ಮ ಬಾವಂಗೆ ಗೊತ್ತಾಗ್ಬಾರ್ದು. ನಮ್ಮತ್ತೆಗಂತೂ ಬ್ಯಾಡವೇ ಬ್ಯಾಡ. ‘ನಿಂದೇನೈತೆ ಅದ್ರಲ್ಲಿ’ ಅಂದ್ಬುಡ್ತಾರೆ. ಮಾರಮ್ಮನಾಣೆ ಮಾಡು. ನಿನ್ನ ಬಾಯಿಂದ ಈ ಮಾತು ಬರಬಾರ್ದು.”

“ಬರಲ್ಲಕ್ಕ.”

“ಆಣೆ ಮಾಡು ಅಂದ್ನಲ್ಲ.”

“ಮಾರಮ್ಮನಾಣೆ. ನನ್ನ ಬಾಯಿಂದ ಬರಲ್ಲ.”

ಆಮೇಲೆ ಸೂಜಿಗಳು ಗಂಗಾಮಣಿಯ ಹೊಟ್ಟೆಗೆ. ತೆಗೆಯುವ ದಿನ ರವಿಚಂದ್ರ ಬಂದ, ತನ್ನ ಪಾಲಿನದು ಕೊಟ್ಟ, ತೋರಿಸಿದ ಕಡೆಯೆಲ್ಲ ಇಂಗ್ಲಿಷ್ ಕಾಗದಗಳಿಗೆ ರುಜು ಹಾಕಿದ. ಒಳಗೆ ಹೋದದ್ದು ಇಬ್ಬರು. ಮಲಗಿದ್ದು ಯಾರು, ಪಕ್ಕದಲ್ಲಿ ಕೂತದ್ದು ಯಾರು ಅಂತ ಹೊರಗಿದ್ದವನಿಗೆ ತಿಳಿಯಲಿಲ್ಲ. ಸಂಜೆ ಗಂಗಾಮಣಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನೋಡಿ, “ಇವಳಿಗೇನಾಯ್ತೆ?” ಅಂದ.

“ಹೋಟ್ಲು ಊಟ ಹಿಡೀಲಿಲ್ಲ,” ಅಂದಳು ಬಿಂದು.

“ಮುದ್ದೆ ಹೊಟ್ಟೆ ಕಣೆ ಇದು, ದೋಸೆಗೆಲ್ಲಾ ಬಗ್ಗಾಕಿಲ್ಲ,” ಅಂದು ಅವನು ಅಂಗಡಿಗೆ ಹೋಗಿ ಸೋಡಾ ತಂದು ಕೊಟ್ಟ. ಕುಡಿಯುವವರೆಗೆ ಎದುರಿಗೇ ನಿಂತಿದ್ದ. ಒಳ್ಳೆಯವನು ಅಂತ ಅವಳಿಗೆ ಅವತ್ತೇ ಅನ್ನಿಸಿತ್ತು.

ಊರಿಗೆ ಬಂದಾಗ ಮೀನಾಕ್ಷಮ್ಮ ಕೂಡ ಅವಳನ್ನು ಮೇಲಿಂದ ಕೆಳಗೆ ನೋಡಿದ್ದಳು. “ಇದ್ಯಾಕೆ ಈ ಹುಡುಗಿ ಬಾಣಂತಿ ನಡೆದಂಗೆ ನಡೀತದೆ?” ಅಂದಿದ್ದಳು. ಅದಕ್ಕೂ ಬಿಂದು ಹೋಟೆಲು ಊಟದ ಮೇಲೇ ಹಾಕಿದಳು.

*

ಬಿಂದು ಸತ್ತು ಮೂರು ತಿಂಗಳಿಗೆ ಮೀನಾಕ್ಷಮ್ಮ ಮಗ್ಗೆಗೆ ಬಂದು ಜಗಲಿಯ ಮೇಲೆ ಕೂತಾಗ ಗಂಗಾಮಣಿಯನ್ನು ಯಾರೂ ಏನೂ ಕೇಳಲಿಲ್ಲ. ನಂಜುಂಡ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು, “ಒಬ್ಬಳ್ನ ಕೊಟ್ಟು ಕಳ್ಕಂಡಿದ್ದೀನಿ. ಇವಳ್ನಾದ್ರೂ ನೋಡ್ಕಳಿ ತಾಯಿ,” ಅಂದ. ಅಷ್ಟೇ.

ಕೇಳಿದ್ದರೂ ಅವಳು ಆಗಲಿ ಅಂತಲೇ ಅನ್ನುತ್ತಿದ್ದಳೇನೋ. ಬೆಂಗಳೂರಿನ ಆ ಕ್ಯಾನು ಅವಳ ಕಣ್ಣಿಗೆ ಕಟ್ಟಿತ್ತು. ತನ್ನವು ಅಲ್ಲಿವೆ, ತಾನು ಹೋಗಿ ತರಬಹುದು. ತಂದ ಮೇಲೆ ಸತ್ಯ ಯಾಕೆ ಬೇಕು? ಹೆತ್ತವಳನ್ನು ಅವ್ವ ಅನ್ನದೆ ಮಕ್ಕಳು ಇನ್ನೇನಂತಾವೆ? ಹೀಗೆ ಲೆಕ್ಕ ಹಾಕಿಕೊಂಡಿದ್ದಳು. ಚಿಕ್ಕವ್ವ ಅನ್ನುವ ಮಾತು ಆ ಲೆಕ್ಕದಲ್ಲಿ ಇರಲಿಲ್ಲ.

ಧಾರೆಗೆ ಮುಂಚೆ ಆಲೂರಿನ ಅಕ್ಕಸಾಲಿ ಏಕಾಂತಯ್ಯ ಮಾಡಿಕೊಟ್ಟ ಸವತಿ ಬಿಲ್ಲೆ ಬಂತು. ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳು ಕೊರಳಿಗೆ ಕಟ್ಟಿಕೊಳ್ಳುವ ಚಿನ್ನದ ಚೂರು, ಅದರ ಮೇಲೆ ಒತ್ತಿದ ಒಂದು ಹೆಣ್ಣಿನ ರೂಪ. ಹಾಲಿನಲ್ಲಿ ಅದ್ದಿ, ಕುಂಕುಮ ಇಟ್ಟು, ತಾಳಿಗಿಂತ ಮೊದಲು ಅದನ್ನು ಕಟ್ಟಿದರು. ಹೊಸ ಸೀರೆ ಉಟ್ಟರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಹೂ ಮುಡಿದರೆ ಮೊದಲು ಬಿಲ್ಲೆಗೆ ತೋರಿಸಬೇಕು. ಗಂಗಾಮಣಿ ಎಲ್ಲ ಮಾಡಿದಳು. ಕೊರಳಲ್ಲಿ ಅಕ್ಕ, ಐಸಿನಲ್ಲಿ ಮಕ್ಕಳು, ನಡುವೆ ತಾನು.

ರವಿಚಂದ್ರ ಜಗಲಿಯ ಕೋಣೆಯಲ್ಲೇ ಮಲಗುತ್ತಿದ್ದ. ಅವಳ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಸಂತೆಯಿಂದ ಬಂದರೆ ಅವಳಿಗೂ ಒಂದು ಕಟ್ಟು ಹೂ ಇರುತ್ತಿತ್ತು, ಅದನ್ನು ಬಿಂದುವಿನ ಫೋಟೋದ ಹೂವಿನ ಜೊತೆಗೇ ಇಟ್ಟು ಹೋಗುತ್ತಿದ್ದ. “ಮೊದ್ಲು ಬಿಂದು ಮಕ್ಕಳು ಬರ್ಲಿ ಕಣೆ,” ಅಂದಿದ್ದ ಒಮ್ಮೆ, ನೆಲ ನೋಡಿಕೊಂಡು. “ಮಿಕ್ಕಿದ್ದು ಆಮೇಲೆ.”

ಅವಳು ಆ ಮನೆಯಲ್ಲಿ ಮೊದಲ ಸಲ ಕಂಡ ಹಿರೇರ ಹಬ್ಬ ಅದೇ ವರ್ಷದ್ದು. ನಡುಮನೆಯಲ್ಲಿ ಕಂಬಳಿ ಹಾಸಿ, ಹಿರಿಯರ ಹೆಸರಿಗೆ ಹೊಸ ಬಟ್ಟೆ ಇಟ್ಟು, ಮುತ್ತುಗದೆಲೆಯಲ್ಲ, ದೊಡ್ಡ ಬಾಳೆಲೆಗಳಲ್ಲೇ ಎಡೆ. ಕಜ್ಜಾಯ, ಕಡುಬು, ಕೋಳಿ ಸಾರು, ಮಾವನಿಗೆ ಇಷ್ಟವಿದ್ದ ಬ್ರಾಂದಿ ಒಂದು ಲೋಟ. ಬಿಂದುವಿಗೆ ಹಸಿರು ಸೀರೆ. ಎಲ್ಲ ಬಡಿಸಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು ಪದ್ಧತಿ.

ಬಾಗಿಲು ಮುಚ್ಚುವ ಮುಂಚೆ ಭೂತಮ್ಮ ಒಂದು ಕುಡಿಬಾಳೆಲೆ ಹಿಡಿದು ಒಳಗೆ ಹೋದಳು. ಅದರ ಮೇಲೆ ಹಾಲು ಬೆಲ್ಲ ಕಲಸಿದ ಅನ್ನದ ಒಂದೇ ಒಂದು ಉಂಡೆ. ಅಷ್ಟು ಹೊತ್ತೂ ಎಲ್ಲವನ್ನೂ ತಾನೇ ನಿಂತು ಮಾಡಿಸಿದ ಮೀನಾಕ್ಷಮ್ಮ ಆಗ ಅಂಗಳಕ್ಕಿಳಿದು, ಬೇಲಿಯ ಕಡೆ ಮುಖ ಮಾಡಿ, ಮನೆಗೆ ಬೆನ್ನು ಹಾಕಿ ನಿಂತುಬಿಟ್ಟಳು.

“ಅತ್ತೆ ಯಾಕೆ ಅಲ್ಲಿ ನಿಂತವ್ರೆ?” ಅಂತ ಗಂಗಾಮಣಿ ಹೊರಗೆ ಬಂದ ಭೂತಮ್ಮನನ್ನು ಕೇಳಿದಳು.

ಭೂತಮ್ಮ ಅವತ್ತು ನಗಲಿಲ್ಲ. “ರವಿಗಿಂತ ಮುಂಚೆ ಒಂದ್ ಗಂಡು ಕೂಸಿತ್ತು. ತೊಟ್ಲಿಗೆ ಹಾಕೋ ಮುಂಚೇನೇ ಹೋಗ್ಬುಡ್ತು. ಸಣ್ಣ ಮಕ್ಕಳ ಎಡೆ ಸಣ್ಣೆಲೇಲಿ. ಹೆಂಗಸ್ರೇ ಇಡ್ಬೇಕು, ಆದ್ರೆ ಅವ್ವ ಆದೋಳು ತನ್ನ ಕೈಯಾರೆ ಇಡಂಗಿಲ್ಲ, ನೋಡಂಗೂ ಇಲ್ಲ. ಇಟ್ರೆ ಆ ಕೂಸು ಎದ್ದು ಹೋಗಲ್ಲ, ಕೈಗೇ ಅಂಟ್ಕತ್ತದೆ. ಅದಕ್ಕೇ ವರ್ಷಾ ವರ್ಷಾ ನಾನಿಡ್ತೀನಿ.”

ಗಂಗಾಮಣಿ ಅತ್ತೆಯ ಬೆನ್ನು ನೋಡಿದಳು. ಊರೆಲ್ಲ ಹೆದರುವ ಹೆಂಗಸಿನ ಬೆನ್ನು ಅವತ್ತು ಇಷ್ಟೇ ಇಷ್ಟು ಸಣ್ಣದಾಗಿ ಕಾಣುತ್ತಿತ್ತು.

*

ಕಾಫಿ ಕುಯ್ಲು ಮುಗಿದ ಮೇಲೆ ಬೆಂಗಳೂರಿಗೆ ಹೊರಟರು. ಬಸ್ಸಿನಲ್ಲಿ ಕಿಟಕಿಯ ಕಡೆ ಗಂಗಾಮಣಿ, ಪಕ್ಕದಲ್ಲಿ ರವಿಚಂದ್ರ. ಹಾಸನ ದಾಟಿತು. ಇವತ್ತು ಹೇಳಿಬಿಡಬೇಕು ಅಂದುಕೊಂಡಳು. ಮಾರಮ್ಮನಿಗೆ ತಪ್ಪು ಕಾಣಿಕೆ ಕಟ್ಟಿದರಾಯಿತು. ಮಕ್ಕಳು ಬಂದ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ಮಕ್ಕಳ ಆಸೆಗೆ ಅಕ್ಕನದನ್ನು ಕಿತ್ತುಕೊಳ್ಳಲು ಬಂದವಳು ಅಂತಾರೆ.

“ಬಾವ,” ಅಂದಳು. ಗಂಡನಾದ ಮೇಲೂ ಅವಳ ಬಾಯಿಗೆ ಬೇರೆ ಕರೆ ಬಂದಿರಲಿಲ್ಲ.

ಅವನು ಅದಕ್ಕೇ ಕಾಯುತ್ತಿದ್ದವನಂತೆ ಮಾತಿಗೆ ತೊಡಗಿದ. “ನನಗೊಂದೇ ಆಸೆ ಕಣೆ ಮಣಿ. ಒಂದಕ್ಕಾದ್ರೂ ಅವಳ ಮೂಗು ಬರ್ಬೇಕು. ನಕ್ರೆ ಹಿಂಗೆ ಸೊಟ್ಟ ಆಗ್ತಿತ್ತಲ್ಲ, ಆ ಮೂಗು.”

ಗಂಗಾಮಣಿಯ ಕೈ ತಾನಾಗಿ ತನ್ನ ಮೂಗಿಗೆ ಹೋಯಿತು. “ಅದು ನಮ್ಮವ್ವನ ಮೂಗು. ನನಗೂ ಒಂಚೂರು ಹಂಗೇ ಐತೆ ಅಂತಾರೆ.”

ಅವನು ತಿರುಗಿ ಅವಳ ಮುಖವನ್ನು ನೋಡಿದ. ಮದುವೆಯಾದ ಮೇಲೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ತಲೆಯಾಡಿಸಿದ.

“ಇಲ್ಲ ಬಿಡು. ನಿಂದು ನಿಮ್ಮಪ್ಪಂದು.”

ಕಂಡಕ್ಟರ್ ಚನ್ನರಾಯಪಟ್ಟಣ ಅಂತ ಕೂಗಿದ. ಅವನು ಇಳಿದು ಎಳನೀರು ತಂದು ಕೊಟ್ಟ. ಅವಳು ಕುಡಿದಳು. ಹೇಳಬೇಕೆಂದಿದ್ದ ಮಾತು ಎಳನೀರಿನ ಜೊತೆಗೇ ಒಳಗೆ ಇಳಿದುಹೋಯಿತು.

ಆಸ್ಪತ್ರೆಯಲ್ಲಿ ಅದೇ ಹಳೇ ಡಾಕ್ಟರಮ್ಮನೇ ಇದ್ದರು, ತಲೆ ಸ್ವಲ್ಪ ನರೆತಿತ್ತು. ರವಿಚಂದ್ರನನ್ನು ಹೊರಗೆ ಕೂರಿಸಿ ಪರೀಕ್ಷೆ ಮಾಡುವಾಗ ಅವರು ಗಂಗಾಮಣಿಯ ಮುಖವನ್ನೇ ನೋಡಿದರು.

“ಅವತ್ತು ಅಂಡ ಕೊಟ್ಟವಳು ನೀನೇ ಅಲ್ಲವಾ? ಈಗ ಅವರ ಹೆಂಡತಿಯಾಗಿ ಬಂದಿದ್ದೀಯ?”

“ಹೂಂ ಮೇಡಂ.”

“ಅವರಿಗೆ ಗೊತ್ತಿದೆ ತಾನೆ, ಇವು ನಿನ್ನವು ಅಂತ? ನಿಮ್ಮ ಅಕ್ಕ ಎಲ್ಲ ಹೇಳಿದ್ದೀನಿ ಅಂದಿದ್ದರು.”

ಗಂಗಾಮಣಿ ಕೊರಳಿನ ಬಿಲ್ಲೆಯನ್ನು ಬೆರಳಿನಿಂದ ಹಿಡಿದುಕೊಂಡು, ಇನ್ನೊಂದು ಕೈಯನ್ನು ಬಾಯಿಯ ಮೇಲಿಟ್ಟಳು. ಡಾಕ್ಟರಮ್ಮ ನಿಟ್ಟುಸಿರುಬಿಟ್ಟು, “ನಾನು ಅವತ್ತು ಅವರನ್ನೂ ಒಂದು ಮಾತು ಕೇಳಬೇಕಿತ್ತು,” ಅಂದರು. ಆಮೇಲೆ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದು ಹೊಟ್ಟೆ ಹದವಾಗುವವರೆಗೆ ಅದೇ ಹಿಂದಿನ ಬೀದಿಯಲ್ಲಿ ರೂಮು ಮಾಡಿಕೊಂಡು ಇದ್ದರು.

ಹೊಟ್ಟೆಗೆ ಬಿಡುವ ದಿನ ಬಂತು. ಗಂಗಾಮಣಿ ತಲೆಸ್ನಾನ ಮಾಡಿ, ಬಿಲ್ಲೆಗೆ ಹೂವಿಟ್ಟು ಹೋದಳು. ಆಸ್ಪತ್ರೆಯ ಹಸಿರು ಬಟ್ಟೆ ತೊಡಿಸಿ ಬೆಂಚಿನ ಮೇಲೆ ಕೂರಿಸಿದರು. ಪಕ್ಕದ ಕೋಣೆಯ ಬಾಗಿಲು ತೆರೆದು ಮುಚ್ಚುವಾಗ ಒಳಗಿನ ಕ್ಯಾನು ಕಂಡಿತು. ಅದರ ಬಾಯಿಂದ ಬಿಳಿ ಹೊಗೆ ಚೆಲ್ಲಿ ನೆಲದ ಮೇಲೆ ಹರಿದು ಕರಗುತ್ತಿತ್ತು. ಬನ್ನಿ ಮಕ್ಕಳಾ, ಅಂದುಕೊಂಡಳು. ಚಿಕ್ಕವ್ವ ಅಂತಲೇ ಕರೀರಿ, ಏನಂತಾದರೂ ಕರೀರಿ, ಬನ್ನಿ.

ಬಹಳ ಹೊತ್ತು ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ಆಮೇಲೆ ಡಾಕ್ಟರಮ್ಮ ಬಂದರು, ರವಿಚಂದ್ರನನ್ನೂ ಕರೆಸಿದರು.

“ಹೆಪ್ಪು ಕರಗಿಸಿದಾಗ ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ. ಮೂರನ್ನೂ ಪ್ರಯತ್ನಿಸಿದೆವು. ಒಂದೂ ಉಳಿಯಲಿಲ್ಲ.”

ರವಿಚಂದ್ರ ಅರ್ಥವಾಗದವನಂತೆ ನಿಂತ. “ಹಂಗಂದ್ರೆ? ಮತ್ತೆ ಐಸಿಗೆ ಇಟ್ರೆ?”

“ಇಲ್ಲಪ್ಪ. ಮುಗಿಯಿತು.”

ಡಾಕ್ಟರಮ್ಮ ಮಾತಾಡಿದ್ದು ಅವನ ಜೊತೆ. ಕೈ ಇಟ್ಟದ್ದು ಗಂಗಾಮಣಿಯ ಹೆಗಲ ಮೇಲೆ. ಆ ಸಾವಿಗೆ ಅವಳನ್ನು ಯಾರಾದರೂ ಮುಟ್ಟಿ ಸಂತೈಸಿದ್ದು ಅದೊಂದೇ ಸಲ.

ಹೊರಗೆ ರಸ್ತೆಯ ಬದಿಯಲ್ಲಿ ರವಿಚಂದ್ರ ಕುಕ್ಕರಗಾಲಿನಲ್ಲಿ ಕೂತು ಅತ್ತ. “ಜ್ವರದಲ್ಲಿ ಹೋದಾಗ್ಲೂ ಇಷ್ಟ್ ಹೋಗಿರ್ಲಿಲ್ಲ ಕಣೆ ಅವಳು. ಇವತ್ತು ಪೂರ್ತಿ ಹೋಗ್ಬುಟ್ಳು.” ಗಂಗಾಮಣಿ ಅವನ ಚೀಲ ಹಿಡಿದುಕೊಂಡು ನಿಂತಿದ್ದಳು. ಒಂದು ಮಾತು ಹೇಳಿದರೆ ಅವನ ಈ ಅಳು ನಿಲ್ಲುತ್ತದೆ. ಆ ಒಂದೇ ಮಾತಿಗೆ, ಬಿಂದು ಅವನಿಗೆ ಏನನ್ನೂ ಬಿಟ್ಟು ಹೋಗಿರಲಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಮನೆಯಲ್ಲಿ ಮೀನಾಕ್ಷಮ್ಮ ನಡುಕೋಣೆಗೆ ಅಗ್ಗಿಷ್ಟಿಕೆಯ ತುಂಬ ಕೆಂಡ ಹಾಕಿ, ಕಿಟಕಿ ಮುಚ್ಚಿ, ಕೋಣೆಯನ್ನು ಹಬೆಯಾಡುವಂತೆ ಮಾಡಿ ಕಾದಿದ್ದಳು. ಥಂಡಿಯಿಂದ ಬರುವ ಮಕ್ಕಳು, ಬಂದ ಕೂಡಲೇ ಬೆಚ್ಚಗಿರಲಿ ಅಂತ. ಮಗನ ಮುಖ ನೋಡಿದವಳಿಗೆ ಕೇಳುವುದೇನೂ ಉಳಿಯಲಿಲ್ಲ. ಚೊಂಬಿನ ನೀರನ್ನು ಅಗ್ಗಿಷ್ಟಿಕೆಗೆ ಹುಯ್ದಳು. ಚುಂಯ್ ಅಂತ ಬೂದಿ ಎದ್ದು ಕೋಣೆಯೆಲ್ಲ ಬೆಳ್ಳಗಾಯಿತು.

“ಬಿಂದೂ, ಎರಡ್ನೇ ಸಲ ಸತ್ಯೇನೇ ನನ್ನವ್ವ,” ಅಂತ ಅವಳು ನೆಲಕ್ಕೆ ಕೈ ಬಡಿದು ಅತ್ತಳು. ಭೂತಮ್ಮ ಬಂದು ಅತ್ತಳು. ಆಲೂರಿನಿಂದ ನೆಂಟರು ಬಂದು ರವಿಚಂದ್ರನ ಬೆನ್ನು ಸವರಿದರು. ಗಂಗಾಮಣಿ ಬಂದವರಿಗೆಲ್ಲ ಕಾಫಿ ಮಾಡಿದಳು.

ಹಿತ್ತಲಿನಲ್ಲಿ ಹಸುವಿನ ಹೊಟ್ಟೆಗೆ ತಲೆಯಾನಿಸಿ ಕೂತಿದ್ದವಳನ್ನು ಮೀನಾಕ್ಷಮ್ಮ ಕಂಡಳು. ಹಾಲು ಕರೆಯುತ್ತಿರಲಿಲ್ಲ. ಹೆಗಲು ಅಲುಗುತ್ತಿತ್ತು.

“ಏಳವ್ವ. ನೀನ್ಯಾಕೆ ಹಿಂಗ್ ಅಳ್ತೀ? ನಿಂದೇನ್ ಹೋಯ್ತು ಹೇಳು? ಹೋಗಿದ್ದು ಅವಳದು. ನಿನ್ನ ಹೊಟ್ಟೆ ತಣ್ಣಗೈತೆ, ನಿನಗೆ ಬೇರೆ ಆಗ್ತವೆ.”

ಗಂಗಾಮಣಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಚ್ಚಲಿಗೆ ಕೈ ಹಾಕಿದಳು.

*

ಮಳೆಗಾಲ ಕಳೆದು ಮತ್ತೆ ಹಿರೇರ ಹಬ್ಬ ಬಂತು. ಅಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಬದಲಾದದ್ದು ಕಡಿಮೆ. ರವಿಚಂದ್ರ ಇನ್ನೂ ಜಗಲಿಯ ಕೋಣೆಯಲ್ಲೇ ಮಲಗುತ್ತಿದ್ದ. ಗಂಗಾಮಣಿಯ ರವಿಕೆಗಳು ಮಾತ್ರ ಸಡಿಲವಾಗಿದ್ದವು. ಅನ್ನದ ತಟ್ಟೆಯ ಮುಂದೆ ಕೂತರೆ ಒಂದು ತುತ್ತು ಕಲಸಿ ಹಾಗೇ ಬೆರಳಾಡಿಸುತ್ತಾ ಇರುವಳು. ಮೀನಾಕ್ಷಮ್ಮ ಅದನ್ನು ನೋಡುತ್ತಿದ್ದಳು.

ಹಬ್ಬದ ಮಧ್ಯಾಹ್ನ ನಡುಮನೆಯಲ್ಲಿ ದೊಡ್ಡೆಲೆಗಳೆಲ್ಲ ತುಂಬಿದವು. ಮಾವನ ಲೋಟಕ್ಕೆ ಬ್ರಾಂದಿ ತರುವುದು ಮರೆತುಹೋಗಿ ರವಿಚಂದ್ರ ಪಾಳ್ಯದ ಅಂಗಡಿಗೆ ಹೊರಟಿದ್ದ. ಮೀನಾಕ್ಷಮ್ಮ ಅಡುಗೆಮನೆಯಲ್ಲಿ ಹಾಲನ್ನ ಕಲಸಿದಳು. ಒಂದು ಕುಡಿಯೆಲೆಯ ಮೇಲೆ ಒಂದು ಉಂಡೆ ಇಟ್ಟಳು. ಆಮೇಲೆ ಇನ್ನೊಂದು ಕುಡಿಯೆಲೆ ತೆಗೆದುಕೊಂಡು ಅದರ ಮೇಲೆ ಮೂರು ಸಣ್ಣ ಉಂಡೆ ಕಟ್ಟಿಟ್ಟಳು.

“ಇದೂ ಇರ್ಲಿ ಈ ವರ್ಷದಿಂದ. ಹುಟ್ಟದೆ ಇದ್ರೂ ಈ ಮನೇವೇ ಅಲ್ವಾ? ಬಿಂದು ಎಡೆ ಪಕ್ಕದಲ್ಲಿ ಇಡು. ನೀನೇ ಇಡು ಮಗ. ಹೆತ್ತೋಳು ಇಡಂಗಿಲ್ಲ, ನೀನಾದ್ರೆ ಚಿಕ್ಕವ್ವ.”

ಎಲೆಯನ್ನು ಅವಳ ಕಡೆ ಚಾಚಿದಳು. ಗಂಗಾಮಣಿಯ ಕೈ ಮೇಲೇಳಲಿಲ್ಲ.

“ಹಿಡ್ಕಳೆ.”

“ನಾನಿಡಂಗಿಲ್ಲ ಅತ್ತೆ.”

“ಯಾಕೆ, ಹೊರಗಾಗಿದ್ದೀಯಾ? ಮುಂಚೇನೇ ಹೇಳಬಾರ್ದಾ, ಅಡುಗೇನೆಲ್ಲಾ ಮುಟ್ಕಂಡು…”

“ಇಲ್ಲ. ಹೊರಗಾಗಿಲ್ಲ.”

“ಮತ್ತೆ?”

ಗಂಗಾಮಣಿ ಬಾಯಿ ತೆರೆಯಲಿಲ್ಲ. ಆಣೆ ಬಾಯಿಯ ಮೇಲಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಮೂರು ಉಂಡೆಗಳ ಮೇಲೆ ಕಣ್ಣು ಬೀಳದ ಹಾಗೆ ಮುಖವನ್ನು ಗೋಡೆಗೆ ತಿರುಗಿಸಿದಳು.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮೀನಾಕ್ಷಮ್ಮ ಎಲೆ ಹಿಡಿದ ಕೈಯನ್ನು ಚಾಚಿದಂತೆಯೇ ನಿಂತಿದ್ದಳು. ಬಾಣಂತಿ ನಡೆದಂತೆ ನಡೆದುಬಂದಿದ್ದ ಹುಡುಗಿ ಅವಳ ನೆನಪಿಗೆ ಬಂದಳೋ, ಹಸುವಿನ ಹೊಟ್ಟೆಗೆ ತಲೆಯಾನಿಸಿ ಅಳುತ್ತಿದ್ದವಳು ಬಂದಳೋ.

“ಬೆಂಗಳೂರಲ್ಲಿ…” ಅಂದಳು. “ಹೋಟ್ಲು ಊಟ ಅಂದಿದ್ದು…”

ಗಂಗಾಮಣಿ ಗೋಡೆಯ ಕಡೆಯಿಂದ ತಿರುಗಲಿಲ್ಲ.

“ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ,” ಅಂದಳು ಮೀನಾಕ್ಷಮ್ಮ, ಯಾರಿಗೂ ಅಲ್ಲದಂತೆ. “ನಿಂದೇನ್ ಹೋಯ್ತು ಅಂದ್ಬುಟ್ನಲ್ಲ.”

ಎಲೆಯನ್ನು ಕಟ್ಟೆಯ ಮೇಲಿಟ್ಟು, ಹಿತ್ತಲ ಬಾಗಿಲಿಗೆ ಹೋಗಿ ಭೂತಮ್ಮನನ್ನು ಕೂಗಿದಳು. ಭೂತಮ್ಮ ಕೈಯೊರೆಸಿಕೊಳ್ಳುತ್ತಾ ಬಂದು, “ಏನಕ್ಕ, ಹಿರೇರು ಅವಸರ ಮಾಡ್ತಾವರಾ?” ಅಂದಳು. ಇಬ್ಬರ ಮುಖ ನೋಡಿದವಳು ಸಣ್ಣೆಲೆಗಳನ್ನು ಎತ್ತಿಕೊಂಡು ನಡುಮನೆಗೆ ಹೋದಳು.

ಮೀನಾಕ್ಷಮ್ಮ ಸೊಸೆಯ ಮುಂಗೈ ಹಿಡಿದು ಅಂಗಳಕ್ಕೆ ಇಳಿಸಿದಳು. ಪ್ರತಿ ವರ್ಷ ತಾನು ನಿಲ್ಲುತ್ತಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ, ಬೇಲಿಯ ಕಡೆ ಮುಖ ಮಾಡಿಸಿ ನಿಲ್ಲಿಸಿದಳು. ತಾನೂ ಪಕ್ಕದಲ್ಲಿ ನಿಂತಳು. ಬೇಲಿಯಾಚೆ ಗದ್ದೆ ಹಸಿರಾಗಿ ತೆನೆ ಕಟ್ಟುತ್ತಿತ್ತು.

“ತಿರುಗಿ ನೋಡ್ಬ್ಯಾಡ,” ಅಂದಳು. “ಏನ್ ಸದ್ದಾದ್ರೂ ತಿರುಗ್ಬ್ಯಾಡ. ನೋಡುದ್ರೆ ಅವು ಹೋಗಲ್ಲ.”

ರಸ್ತೆಯ ಕಡೆ ಪಿಕಪ್ ಬಂದು ನಿಂತ ಸದ್ದಾಯಿತು. ಗೇಟು ಕಿರುಗುಟ್ಟಿತು. ರವಿಚಂದ್ರನ ಚಪ್ಪಲಿ ಅಂಗಳದ ಜಲ್ಲಿಯ ಮೇಲೆ ಹತ್ತಿರ ಬಂತು.

ಒಳಗಿನಿಂದ ಭೂತಮ್ಮ ಕೂಗಿ ಕೇಳಿದಳು. “ಅಕ್ಕಾ, ಇಲ್ಲಿ ಎರಡ್ ಸಣ್ಣೆಲೆ ಅವೆ. ಯಾವ್ದು ಯಾರದು?”

ಮೀನಾಕ್ಷಮ್ಮ ಸೊಸೆಯ ಮುಂಗೈಯನ್ನು ಬಿಡಲಿಲ್ಲ. ಊರಿಗೇ ಕೇಳುವಂಥ ಅವಳ ದನಿ ಅವತ್ತು ಒಡೆದುಹೋಗಿತ್ತು, ಆದರೂ ಅಂಗಳದ ಆಚೆಗೆ ಮುಟ್ಟಿತು.

“ಒಂದುಂಡೆ ಇರೋದು ನಂದು. ಮೂರಿರೋದು ಇವಳವು. ಇವಳೇ ಅವ್ವ. ಹಂಗಂತ ಹೇಳಿ ಇಡು.”

ಚಪ್ಪಲಿಯ ಸದ್ದು ನಿಂತಿತು. ಬಾಟಲಿಯನ್ನು ಕಲ್ಲಿನ ಮೇಲೆ ಇಟ್ಟಂತೆ ಒಂದು ಸಣ್ಣ ಸದ್ದು. ಆಮೇಲೆ ಅವನು ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು, ದೂರದಿಂದ ಓಡಿ ಬಂದವನ ಹಾಗೆ. ಗಂಗಾಮಣಿಗೆ ಅವನ ಮುಖ ನೋಡಬೇಕೆನಿಸಿತು. ಜೀವಮಾನದಲ್ಲಿ ಯಾವುದನ್ನೂ ಅಷ್ಟು ನೋಡಬೇಕು ಅಂತ ಅನ್ನಿಸಿರಲಿಲ್ಲ.

ಒಳಗೆ ಬಾಗಿಲು ಮುಚ್ಚಿಕೊಂಡಿತು. ಅವಳು ತಿರುಗಲಿಲ್ಲ.